ಗಾಳಿಗೆ ಟವರ್ ಸದ್ದು ಮಾಡುತ್ತಿದೆಯೇ? ಬೋಲ್ಟಿನಿಂದ ಆಂಕರ್‌ವರೆಗೆ ದೋಷ ಹುಡುಕುವ ಬಗೆ

ಗಾಳಿ ಬೀಸಿದಾಗ "ಟಕ್" ಅಂತ ಒಂದು ಸದ್ದು. ಎರಡು ಸೆಕೆಂಡ್ ಬಿಟ್ಟು ಇನ್ನೊಂದು "ಟಕ್". ಸ್ನೇಹಿತರೊಬ್ಬರ 24 ಮೀಟರ್ ಎತ್ತರದ ರೇಡಿಯೋ ಟವರ್‌ನಲ್ಲಿ ಈ ಸದ್ದು ಶುರುವಾದಾಗ, ಗೈ ವೈರ್ (ಟವರನ್ನು ಸುತ್ತಲಿಂದ ಎಳೆದು ನಿಲ್ಲಿಸುವ ತಂತಿ) ಸಡಿಲವಾಗಿದೆ ಅಂದುಕೊಂಡೆವು. ವೈರ್ ಬಿಗಿ ಮಾಡುವ ತಿರುಪು, ಅಂದರೆ ಟರ್ನ್‌ಬಕಲ್, ತಿರುಗಿಸಿ ಬಿಗಿ ಮಾಡಿದೆವು. ಒಂದು ವಾರ ಸದ್ದು ನಿಂತಿತು. ಆಮೇಲೆ ಮತ್ತೆ ಶುರುವಾಯಿತು, ಈ ಸಲ ಇನ್ನೂ ಜೋರಾಗಿ. ಕೊನೆಗೆ ದೋಷ ಸಿಕ್ಕಿದ್ದು ಎರಡನೇ ಮತ್ತು ಮೂರನೇ ಸೆಕ್ಷನ್ ಕೂಡುವ ಕಡೆ, ಟವರ್ ಕಾಲಿನ ಪೈಪಿನಲ್ಲಿದ್ದ ಒಂದು ಬೋಲ್ಟಿನಲ್ಲಿ. ಅದರ ದಪ್ಪ ಸರಿಯಾಗಿತ್ತು. ನಟ್ ಬಿಗಿಯಾಗೇ ಇತ್ತು. ಆದರೆ ಆ ಜಾಗಕ್ಕೆ ಹಾಕಬೇಕಾದ ಬೋಲ್ಟೇ ಅದಾಗಿರಲಿಲ್ಲ.

ಅಂದಿನಿಂದ ಯಾವ ಟವರ್ ನೋಡಿದರೂ ನಾನು ಎರಡು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಇದು ಬಿಗಿ ಇದೆಯಾ? ಇದು ಈ ಜಾಗಕ್ಕೆ ತಕ್ಕದ್ದಾ? ಮೊದಲನೆಯದನ್ನು ಎಲ್ಲರೂ ಕೇಳುತ್ತಾರೆ. ಎರಡನೆಯದನ್ನು ಕೇಳುವವರು ಕಡಿಮೆ. ನಾನು ನೋಡಿದ ಮಟ್ಟಿಗೆ ಜಾಸ್ತಿ ತೊಂದರೆ ಎರಡನೆಯದರಲ್ಲೇ ಅಡಗಿರುತ್ತದೆ.

ಹತ್ತುವ ಮೊದಲು

ಸದ್ದು ಕೇಳಿದ ಕೂಡಲೇ ಸ್ಪ್ಯಾನರ್ ಹಿಡಿದು ಹತ್ತಬೇಡಿ. ಗೈ ವೈರ್ ಮೇಲೆ ನಿಂತ ಟವರ್‌ಗೆ ತನ್ನದೇ ಬಲ ಕಡಿಮೆ. ಗೈಯನ್ನು ನೆಲಕ್ಕೆ ಹಿಡಿದಿಡುವ ಒಂದು ಆಂಕರ್ ಕಿತ್ತರೆ, ಒಂದು ಶ್ಯಾಕಲ್‌ನ (ಗೈ ತುದಿ ಜೋಡಿಸುವ ಯು ಆಕಾರದ ಕೊಂಡಿ) ಪಿನ್ ಜಾರಿದರೆ ಇಡೀ ಟವರ್ ಬೀಳುತ್ತದೆ, ಮೇಲಿದ್ದವರ ಸಮೇತ. ಆದ್ದರಿಂದ ತಪಾಸಣೆ ಯಾವಾಗಲೂ ಕೆಳಗಿನಿಂದ ಮೇಲಕ್ಕೆ ಹೋಗಬೇಕು. ಮೊದಲು ಆಂಕರ್, ಆಮೇಲೆ ಗೈ, ಆಮೇಲೆ ಬುಡ. ಈ ಮೂರೂ ಸರಿ ಇವೆ ಅಂತ ಖಾತ್ರಿಯಾದ ಮೇಲೆ ಮಾತ್ರ ಹತ್ತುವ ಮಾತು.

ಒಬ್ಬರೇ ಹತ್ತಬೇಡಿ. ಪೂರ್ತಿ ಮೈಗೆ ಕಟ್ಟುವ ಹಾರ್ನೆಸ್ ಹಾಕಿ, ಎರಡು ಕೊಂಡಿಗಳಲ್ಲಿ ಒಂದಾದರೂ ಯಾವಾಗಲೂ ಟವರ್‌ಗೆ ಸಿಕ್ಕಿರಲಿ. ಗಾಳಿ, ಮಳೆ, ಗುಡುಗಿನ ಸೂಚನೆ ಇದ್ದರೆ ಕೆಲಸ ನಾಳೆಗೆ. ಟ್ರಾನ್ಸ್‌ಮಿಟರ್ ಆಫ್ ಮಾಡಿ, ಬೇರೆಯವರು ಆನ್ ಮಾಡದ ಹಾಗೆ ನೋಡಿಕೊಳ್ಳಿ. ಮೇಲೆ ಯಾರಾದರೂ ಇರುವಾಗ ಕೆಳಗಿನವರು ಟರ್ನ್‌ಬಕಲ್ ಮುಟ್ಟಲೇಬಾರದು. ಈ ಒಂದು ಮಾತನ್ನು ಕೆಲಸಕ್ಕೆ ಮುಂಚೆ ಎಲ್ಲರ ಎದುರಿಗೂ ಬಾಯಿ ಬಿಟ್ಟು ಹೇಳಿ.

ನೆಲದಲ್ಲಿ ನಿಂತು ಗೈ ಬಿಗಿ ನೋಡುವುದು

ಗೈ ವೈರ್ ಎಷ್ಟು ಬಿಗಿ ಇರಬೇಕು? ಸಾಮಾನ್ಯವಾಗಿ ಅದರ ಮುರಿಯುವ ಬಲದ ಶೇ. 10. ತಯಾರಕರ ನಕ್ಷೆಯಲ್ಲಿ ಬೇರೆ ಅಂಕಿ ಇದ್ದರೆ ಅದೇ ಸರಿ. ಕಾಲಿಂಚು ದಪ್ಪದ ಇಎಚ್‌ಎಸ್ ಸ್ಟ್ರ್ಯಾಂಡ್ (ಹೆಚ್ಚು ಬಲದ ಉಕ್ಕಿನ ಎಳೆಗಳ ವೈರ್) ಸುಮಾರು 3000 ಕೆ.ಜಿ. ಎಳೆತಕ್ಕೆ ಮುರಿಯುತ್ತದೆ. ಅಂದರೆ ಅದರಲ್ಲಿ ಸುಮಾರು 300 ಕೆ.ಜಿ. ಎಳೆತ ಇರಬೇಕು.

ಅಳೆಯುವ ಗೇಜ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೂ ಒಂದು ಸೊಗಸಾದ ಉಪಾಯ ಇದೆ. ಗಾಳಿ ಇಲ್ಲದ ಹೊತ್ತಿನಲ್ಲಿ, ಆಂಕರ್ ಹತ್ತಿರ ನಿಂತು ಗೈ ವೈರಿಗೆ ಒಮ್ಮೆ ಜರ್ಕ್ ಕೊಡಿ. ಆ ಜರ್ಕ್ ಅಲೆಯ ಹಾಗೆ ಮೇಲೆ ಹೋಗಿ, ಟವರ್‌ಗೆ ಬಡಿದು, ವಾಪಸ್ ನಿಮ್ಮ ಕೈಗೆ ಬರುತ್ತದೆ. ಕೈಯನ್ನು ವೈರ್ ಮೇಲೆ ಹಗುರವಾಗಿ ಇಟ್ಟರೆ ಒಂದೊಂದು ಸಲ ವಾಪಸ್ ಬಂದಾಗಲೂ ಸಣ್ಣ ಬಡಿತ ಗೊತ್ತಾಗುತ್ತದೆ. ಹತ್ತು ಬಡಿತಕ್ಕೆ ಎಷ್ಟು ಸೆಕೆಂಡ್ ಅಂತ ಲೆಕ್ಕ ಹಾಕಿ. ಕಾಲಿಂಚಿನ ವೈರ್ ಮೀಟರಿಗೆ 0.18 ಕೆ.ಜಿ. ತೂಗುತ್ತದೆ. ಉದ್ದ 30 ಮೀಟರ್, ಎಳೆತ 300 ಕೆ.ಜಿ. ಇದ್ದರೆ ಹತ್ತು ಬಡಿತಕ್ಕೆ ಸುಮಾರು 4.7 ಸೆಕೆಂಡ್ ಆಗುತ್ತದೆ. ಎಳೆತ ಅರ್ಧಕ್ಕೆ ಇಳಿದಿದ್ದರೆ 6.6 ಸೆಕೆಂಡ್. ವ್ಯತ್ಯಾಸ ಕೈಗೇ ಗೊತ್ತಾಗುವಷ್ಟಿದೆ, ಅಲ್ವಾ? ಅಲೆಗಳು ಹತ್ತಕ್ಕೆ ಮೊದಲೇ ಸೋತರೆ ಐದು ಎಣಿಸಿ, ಆದರೆ ಎರಡು ಮೂರು ಸಲ ಎಣಿಸಿ ಸರಾಸರಿ ತೆಗೆಯಿರಿ.

ಒಂದೇ ಮಟ್ಟದ ಮೂರು ಗೈಗಳ ಉದ್ದ ಒಂದೇ ಆಗಿದ್ದರೆ ಮೂರರ ಸಮಯವೂ ಹೆಚ್ಚುಕಡಿಮೆ ಒಂದೇ ಬರಬೇಕು. ಒಂದು ಮಾತ್ರ ನಿಧಾನ ಇದ್ದರೆ ಆ ಗೈನ ತುದಿಯನ್ನು ಹಿಡಿದಿಡುವ ಕ್ಲಿಪ್ ಜಾರಿದೆ, ಆಂಕರ್ ಎದ್ದಿದೆ, ಇಲ್ಲವೇ ಟರ್ನ್‌ಬಕಲ್ ಬಿಚ್ಚಿಕೊಂಡಿದೆ. ಮೂರೂ ಒಟ್ಟಿಗೆ ನಿಧಾನ ಆಗಿದ್ದರೆ ಬಿಸಿಲಿಗೆ ವೈರ್ ಹಿಗ್ಗಿರಬಹುದು. ಬೆಳಿಗ್ಗೆ ತಂಪಿನಲ್ಲಿ ಇನ್ನೊಮ್ಮೆ ನೋಡಿ. ಹೊಸ ವೈರ್ ಆಗಿದ್ದರೆ ಮೊದಲ ಕೆಲವು ತಿಂಗಳಲ್ಲಿ ಸ್ವಲ್ಪ ಎಳೆದುಕೊಳ್ಳುವುದು ಸಹಜ.

ಟವರ್ ನೇರ ಇದೆಯಾ ಅಂತಲೂ ಈಗಲೇ ನೋಡಿ. ಟವರ್‌ಗಳಿಗಿರುವ ಅಮೆರಿಕದ ಟಿಐಎ-222 ಮಾನದಂಡದ ಪ್ರಕಾರ ಎತ್ತರದ 400ರಲ್ಲಿ ಒಂದು ಪಾಲಿಗಿಂತ ಜಾಸ್ತಿ ವಾಲಬಾರದು. 30 ಮೀಟರ್ ಟವರ್‌ಗೆ ಅದು 75 ಮಿ.ಮೀ. ದೂರದಲ್ಲಿ ತೂಗುಗುಂಡು ಇಳಿಬಿಟ್ಟು, ಅದರ ದಾರದ ಸಾಲಿಗೆ ಟವರ್ ಕಾಲನ್ನು ಹೊಂದಿಸಿ ನೋಡಿದರೆ ಸಾಕು. ಎರಡು ದಿಕ್ಕಿನಿಂದ ನೋಡಬೇಕು, ಮರೆಯಬೇಡಿ.

ಗೈ ಸರಿ ಇದ್ದರೂ "ಟಕ್" ಅಂದರೆ

ಸ್ನೇಹಿತರ ಟವರ್‌ನಲ್ಲಿ ಆಗಿದ್ದು ಇದೇ. ಗೈಗಳ ಸಮಯ ಸರಿಯಾಗಿತ್ತು. ಟವರ್ ನೇರವಾಗಿತ್ತು. ಹಾಗಾದರೆ ಸದ್ದು ಎಲ್ಲಿಂದ? ಬುಡದಲ್ಲಿ ಒಂದು ಕಾಲಿಗೆ ಮರದ ಕೋಲಿನ ತುದಿ ಒತ್ತಿ, ಇನ್ನೊಂದು ತುದಿಗೆ ಕಿವಿ ಇಟ್ಟೆವು. ಮೂರು ಕಾಲಿಗೂ ಹೀಗೇ ಮಾಡಿದಾಗ ಒಂದರಲ್ಲಿ ಸದ್ದು ಸ್ಪಷ್ಟವಾಗಿ ಜೋರಾಗಿತ್ತು. ಆ ಕಾಲನ್ನೇ ಬೈನಾಕ್ಯುಲರ್‌ನಲ್ಲಿ ನೋಡುತ್ತಾ ಹೋದೆವು. ಎರಡನೇ ಕೂಡುಗೆಯ ಕೆಳಗೆ ಪೈಪ್ ಮೇಲೆ ಕಂದು ಬಣ್ಣದ ಸಣ್ಣ ಗೆರೆ ಇಳಿದಿತ್ತು. ಗ್ಯಾಲ್ವನೈಸ್ ಮಾಡಿದ (ಸತು ಲೇಪದ) ಟವರ್‌ನಲ್ಲಿ ತುಕ್ಕಿನ ಗೆರೆ ಸುಮ್ನೆ ಬರುವುದಿಲ್ಲ. ಅಲ್ಲಿ ಲೋಹ ಲೋಹಕ್ಕೆ ಉಜ್ಜುತ್ತಿದೆ ಅಂತ ಅರ್ಥ.

ತಾತ್ಕಾಲಿಕ ಗೈ ಕಟ್ಟಿ, ಆ ಒಂದು ಬೋಲ್ಟ್ ಮಾತ್ರ ತೆಗೆದೆವು. ಕೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿದಾಗ ಎಲ್ಲ ಗೊತ್ತಾಯಿತು. ತಲೆಯಿಂದ ತುದಿವರೆಗೂ ಥ್ರೆಡ್. ಎರಡು ಕಡೆ ಥ್ರೆಡ್ ಚಪ್ಪಟೆಯಾಗಿ ಹೊಳೆಯುತ್ತಿತ್ತು, ಉಗುರಿನಿಂದ ಸವರಿದರೆ ಸಣ್ಣ ಮೆಟ್ಟಿಲು ಸಿಗುತ್ತಿತ್ತು. ಪೈಪಿನ ತೂತು ದುಂಡಗೆ ಉಳಿದಿರಲಿಲ್ಲ. ಉದ್ದಕ್ಕೆ ಎಳೆದ ಮೊಟ್ಟೆಯ ಆಕಾರಕ್ಕೆ ಬಂದಿತ್ತು. ಗಾಳಿ ಬೀಸಿದಾಗ ಆ ಕಾಲಿಗೆ ಒಮ್ಮೆ ಎಳೆತ, ಒಮ್ಮೆ ಒತ್ತಡ. ಪ್ರತಿ ಸಲ ಪೈಪ್ ಆ ಜಾಗದಲ್ಲಿ ಅರ್ಧ ಮಿಲಿಮೀಟರ್ ಜಾರಿ ಬೋಲ್ಟಿಗೆ ಬಡಿಯುತ್ತಿತ್ತು. ಅದೇ ಆ "ಟಕ್".

ಕಾಲಿನ ಬೋಲ್ಟ್ ಆರಿಸುವುದು

ಕಾಲಿನ ಕೂಡುಗೆಯಲ್ಲಿ ಬೋಲ್ಟ್ ಮೇಲೆ ಬೀಳುವುದು ಕತ್ತರಿಸುವ ಬಲ. ಕತ್ತರಿ ಬಟ್ಟೆಯನ್ನು ಕತ್ತರಿಸುವ ಹಾಗೆ ಹೊರ ಪೈಪ್ ಒಂದು ಕಡೆ, ಒಳ ಪೈಪ್ ಇನ್ನೊಂದು ಕಡೆ ಎಳೆಯುತ್ತವೆ. ಆ ಜಾಗದಲ್ಲಿ ಬೋಲ್ಟಿನ ನುಣುಪು ಭಾಗ, ಅಂದರೆ ಶ್ಯಾಂಕ್, ಇರಬೇಕು, ಥ್ರೆಡ್ ಇರಬಾರದು. ಎಂ12 (12 ಮಿ.ಮೀ. ದಪ್ಪದ) ಬೋಲ್ಟಿನ ಶ್ಯಾಂಕ್ ವಿಸ್ತೀರ್ಣ 113 ಚದರ ಮಿ.ಮೀ. ಥ್ರೆಡ್ ಇರುವ ಕಡೆ ಬಲ ಹೊರುವ ವಿಸ್ತೀರ್ಣ 84 ಮಾತ್ರ. ಕಾಲು ಭಾಗ ಬಲ ಅಲ್ಲೇ ಹೋಯಿತು. ಅದಕ್ಕಿಂತ ಕೆಟ್ಟದ್ದು ಥ್ರೆಡ್‌ನ ಚೂಪು ಅಂಚು. ಅದು ಅರದ ಹಾಗೆ ಪೈಪಿನ ತೂತನ್ನು ತಿನ್ನುತ್ತಾ ಹೋಗುತ್ತದೆ.

ಪೂರ್ತಿ ಥ್ರೆಡ್ ಇರುವ ಬೋಲ್ಟ್ ಅಂಗಡಿಯಲ್ಲಿ ಸುಲಭವಾಗಿ ಸಿಗುತ್ತದೆ, ಯಾವ ಉದ್ದಕ್ಕೂ ಹೊಂದುತ್ತದೆ. ಅದಕ್ಕೇ ಅದು ಟವರ್ ಸೇರಿಕೊಳ್ಳುತ್ತದೆ. ಉದ್ದ ಆರಿಸುವಾಗ ಕ್ಯಾಲಿಪರ್ ಹಿಡಿಯಿರಿ. ಉದಾಹರಣೆಗೆ ಕೂಡುಗೆಯ ಹೊರ ಅಳತೆ 40 ಮಿ.ಮೀ. ಅಂತಿಟ್ಟುಕೊಳ್ಳಿ. ಎಂ12 ಬೋಲ್ಟಿನಲ್ಲಿ ಸಾಮಾನ್ಯವಾಗಿ 30 ಮಿ.ಮೀ. ಥ್ರೆಡ್ ಇರುತ್ತದೆ. 70 ಮಿ.ಮೀ. ಬೋಲ್ಟ್ ತಂದರೆ ಶ್ಯಾಂಕ್‌ಗೆ 40 ಉಳಿಯಿತು. ಲೆಕ್ಕ ಸರಿ ಅನ್ನಿಸುತ್ತದೆ. ಆದರೆ ಶ್ಯಾಂಕಿನ ಕೊನೆಯ ಕೆಲವು ಮಿಲಿಮೀಟರ್ ಅರೆಬರೆ ಥ್ರೆಡ್ ಇರುತ್ತದೆ, ಅದು ಸರಿಯಾಗಿ ಆಚೆಗಿನ ಪೈಪ್ ಗೋಡೆಯೊಳಗೆ ಬಂದು ಕೂರುತ್ತದೆ. 75ರ ಬೋಲ್ಟ್ ತಂದು, ನಟ್ ಕೆಳಗೆ ಎರಡು ವಾಷರ್, ಬೇಕಾದರೆ ಮೂರು ಹಾಕಿ. ಆಗ ಥ್ರೆಡ್ ಶುರುವಾಗುವುದು ವಾಷರ್ ಒಳಗೆ. ತುದಿ ಸ್ವಲ್ಪ ಉದ್ದ ಉಳಿದರೆ ನಷ್ಟ ಇಲ್ಲ, ಎರಡನೇ ನಟ್ ಹಾಕಲು ಜಾಗ ಸಿಗುತ್ತದೆ. ತುದಿಯಲ್ಲಿ ಕಡೇಪಕ್ಷ ಎರಡು ಥ್ರೆಡ್ ನಟ್ಟಿನ ಹೊರಗೆ ಕಾಣಲೇಬೇಕು.

ಇನ್ನು ಗ್ರೇಡ್. ಬೋಲ್ಟಿನ ತಲೆಯನ್ನು ಓದಿ. 4.6 ಅಂದರೆ ಸಾಧಾರಣ ಮೈಲ್ಡ್ ಸ್ಟೀಲ್, ಮುರಿಯುವುದು 400 ಮೆಗಾಪಾಸ್ಕಲ್‌ಗೆ. 8.8 ಅಂದರೆ ಹೈ ಟೆನ್ಸೈಲ್, 800. ಇಂಚಿನ ಬೋಲ್ಟ್ ಆದರೆ ತಲೆಯ ಮೇಲೆ ಮೂರು ಗೆರೆ ಇದ್ದರೆ ಗ್ರೇಡ್ 5, ಆರು ಗೆರೆ ಇದ್ದರೆ ಗ್ರೇಡ್ 8. ದೊಡ್ಡ ಕಟ್ಟಡ ಕೆಲಸದ ಬೋಲ್ಟಿನಲ್ಲಿ ಎ325 ಅಂತ ಇರುತ್ತದೆ. ತಲೆಯ ಮೇಲೆ ಯಾವ ಗುರುತೂ ಇಲ್ಲವೆಂದರೆ ಅದು ಟವರ್ ಕಾಲಿಗೆ ಬೇಡ. ಎಷ್ಟೇ ಹೊಸದಾಗಿ ಹೊಳೆಯುತ್ತಿದ್ದರೂ ಬೇಡ.

"ಹಾಗಾದರೆ ಎಲ್ಲ ಕಡೆ 12.9 ಹಾಕಿಬಿಡೋಣ" ಅಂತ ಹೇಳುವವರೂ ಇದ್ದಾರೆ. ದಯವಿಟ್ಟು ಹಾಕಬೇಡಿ. ತುಂಬಾ ಗಟ್ಟಿ ಸ್ಟೀಲಿಗೆ ಸತು ಲೇಪ ಮಾಡುವಾಗ ಆಸಿಡ್‌ನಲ್ಲಿ ಅದ್ದುತ್ತಾರೆ. ಆಗ ಹೈಡ್ರೋಜನ್ ಲೋಹದೊಳಗೆ ಸೇರಿಕೊಳ್ಳುತ್ತದೆ. ಬೋಲ್ಟ್ ಬಿಗಿ ಮಾಡಿ ಕೆಲವು ಗಂಟೆ ಅಥವಾ ದಿನ ಆದ ಮೇಲೆ, ಯಾರೂ ಮುಟ್ಟದೆ, ಎಳೆದುಕೊಳ್ಳದೆ, ಗಾಜಿನ ಹಾಗೆ ಪಟ್ ಅಂತ ಮುರಿಯುತ್ತದೆ. ಈ ಕಾರಣಕ್ಕೇ ಎ325 ಬೋಲ್ಟ್ ಬಿಸಿ ಸತುವಿನಲ್ಲಿ ಅದ್ದಬಹುದು, ಅದಕ್ಕಿಂತ ಗಟ್ಟಿಯಾದ ಎ490ಯನ್ನು ಅದ್ದಬಾರದು ಅಂತ ಮಾನದಂಡದಲ್ಲೇ ಇದೆ. ಎಲ್ಲೋ ಒಂದು ಬೋಲ್ಟಿನ ತಲೆ ತಾನಾಗೇ ಕಳಚಿ ನೆಲಕ್ಕೆ ಬಿದ್ದಿದೆ, ಮುರಿದ ಜಾಗ ನೆಟ್ಟಗೆ ಹರಳು ಹರಳಾಗಿದೆ ಅಂದರೆ ಮೊದಲು ಅನುಮಾನ ಪಡಬೇಕಾದ್ದು ಇದನ್ನೇ. ಅದೇ ಡಬ್ಬಿಯಿಂದ ಬಂದ ಉಳಿದ ಬೋಲ್ಟುಗಳನ್ನೂ ಬದಲಿಸಿ.

ಸ್ಟೇನ್‌ಲೆಸ್ ಬೋಲ್ಟ್ ತುಕ್ಕು ಹಿಡಿಯುವುದಿಲ್ಲ ಅಂತ ಕಾಲಿಗೆ ಹಾಕುವವರೂ ಉಂಟು. ಎ2-70 ಗ್ರೇಡಿನ ಸ್ಟೇನ್‌ಲೆಸ್ ಬೋಲ್ಟ್ ಸುಮಾರು 450 ಮೆಗಾಪಾಸ್ಕಲ್‌ಗೇ ಬಾಗಲು ಶುರುವಾಗುತ್ತದೆ. 8.8 ಬೋಲ್ಟ್ 640ರವರೆಗೆ ಬಾಗದೆ ತಡೆಯುತ್ತದೆ. ಆದ್ದರಿಂದ ಒಂದರ ಬದಲು ಇನ್ನೊಂದು ಹಾಕುವ ಹಾಗಿಲ್ಲ. ಸ್ಟೇನ್‌ಲೆಸ್‌ಗೆ ಆಂಟೆನಾ ಮೇಲೆ ಒಳ್ಳೆ ಜಾಗ ಇದೆ, ಅಲ್ಯೂಮಿನಿಯಂ ಬೂಮ್ ಮತ್ತು ಯು-ಬೋಲ್ಟ್‌ಗಳಲ್ಲಿ. ಅಲ್ಲಿ ಹಾಕುವಾಗ ಥ್ರೆಡ್‌ಗೆ ಆಂಟಿ-ಸೀಜ್ ಪೇಸ್ಟ್ ಹಚ್ಚಿ. ಇಲ್ಲದಿದ್ದರೆ ಸ್ಟೇನ್‌ಲೆಸ್ ನಟ್ ಸ್ಟೇನ್‌ಲೆಸ್ ಬೋಲ್ಟಿಗೆ ಅಂಟಿಕೊಂಡು ಅರ್ಧದಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಆಮೇಲೆ ಕತ್ತರಿಸಿಯೇ ತೆಗೆಯಬೇಕು.

ನಟ್ ಕೈಯಲ್ಲಿ ಹೋಗುತ್ತಿಲ್ಲ, ಅಥವಾ ತುಂಬಾ ಸಲೀಸು

ಬಿಸಿ ಸತುವಿನಲ್ಲಿ ಅದ್ದಿದ (ಹಾಟ್ ಡಿಪ್) ಬೋಲ್ಟಿನ ಮೇಲೆ ಲೇಪ 50 ಮೈಕ್ರಾನ್ ಆಸುಪಾಸು ಇರುತ್ತದೆ. ಕರೆಂಟ್ ಹಾಯಿಸಿ ಮಾಡಿದ ಹೊಳಪು ಲೇಪ ಸಾಮಾನ್ಯವಾಗಿ 5ರಿಂದ 12 ಮೈಕ್ರಾನ್. ದಪ್ಪ ಲೇಪಕ್ಕೆ ಜಾಗ ಮಾಡಲು ಹಾಟ್ ಡಿಪ್ ನಟ್‌ಗಳ ಥ್ರೆಡ್ ಸ್ವಲ್ಪ ಅಗಲವಾಗಿ ಕೊರೆದಿರುತ್ತಾರೆ. ಹೊಳಪು ನಟ್ ತಂದು ಹಾಟ್ ಡಿಪ್ ಬೋಲ್ಟಿಗೆ ಹಾಕಲು ಹೋದರೆ ಹೋಗುವುದಿಲ್ಲ. ಜೋರು ಮಾಡಿದರೆ ಲೇಪ ಕಿತ್ತು ಬರುತ್ತದೆ. ಅದಲು ಬದಲು ಮಾಡಿದರೆ ಇನ್ನೂ ಅಪಾಯ. ಅಗಲ ನಟ್ ತೆಳು ಬೋಲ್ಟಿನ ಮೇಲೆ ಸಲೀಸಾಗಿ ಓಡುತ್ತದೆ, ಬಿಗಿ ಮಾಡುವಾಗ ಥ್ರೆಡ್ ಸ್ಲಿಪ್ ಆಗುತ್ತದೆ. ಬೋಲ್ಟ್, ನಟ್, ವಾಷರ್ ಮೂರನ್ನೂ ಒಂದೇ ಕಡೆಯಿಂದ ಜೋಡಿಯಾಗಿಯೇ ಕೊಳ್ಳಿ.

ಹೊಳಪು ಲೇಪದ ಬೋಲ್ಟ್ ಹೊರಗೆ ಬಿಸಿಲು ಮಳೆಯಲ್ಲಿ ಬೇಗ ಕೆಂಪಾಗುತ್ತದೆ. ಟವರ್ ಮೇಲೆ ಎಲ್ಲ ಬೂದು, ಒಂದೆರಡು ಮಾತ್ರ ಕೆಂಪು ಅಂದರೆ ಆ ಒಂದೆರಡು ಆಮೇಲೆ ಯಾರೋ ಬದಲಿಸಿದವು.

ನಟ್ ಪದೇ ಪದೇ ಸಡಿಲವಾದರೆ

ಸ್ಪ್ರಿಂಗ್ ವಾಷರ್ ಇದೆಯಲ್ಲ ಅನ್ನಬೇಡಿ. ಅಡ್ಡಡ್ಡ ಅಲುಗಾಟದಲ್ಲಿ ಅದು ನಟ್ಟನ್ನು ಹಿಡಿದು ನಿಲ್ಲಿಸುವುದಿಲ್ಲ. ಎರಡನೇ ನಟ್, ಪಾಲ್ ನಟ್ (ನಟ್ ಮೇಲೆ ಹಾಕುವ ತೆಳು ಲಾಕ್ ನಟ್) ಅಥವಾ ನೈಲಾನ್ ಇರುವ ಲಾಕ್ ನಟ್ ಹಾಕಿ. ನೈಲಾನ್ ನಟ್ ಒಮ್ಮೆ ಬಿಚ್ಚಿದರೆ ಹೊಸದೇ ಹಾಕಬೇಕು.

ಇದಕ್ಕೂ ಮೊದಲು, ಅದು ಯಾಕೆ ಸಡಿಲ ಆಗುತ್ತಿದೆ ಅಂತ ನೋಡಿ. ಮೊಟ್ಟೆಯಾಕಾರದ ತೂತು ಇರುವ ತನಕ ಯಾವ ನಟ್ ಹಾಕಿದರೂ ಅಲುಗಾಟ ನಿಲ್ಲುವುದಿಲ್ಲ. ತೂತು ಹಿಗ್ಗಿದ ಸೆಕ್ಷನ್ನನ್ನು ಬದಲಿಸಬೇಕು, ಇಲ್ಲವೇ ತಯಾರಕರ ಒಪ್ಪಿಗೆ ಪಡೆದು ಒಂದು ಅಳತೆ ದೊಡ್ಡ ತೂತು ಕೊರೆಯಬೇಕು. ವೆಲ್ಡ್ ಮಾಡಿ ತುಂಬುವ ಯೋಚನೆ ಬೇಡ. ತೆಳು ಪೈಪ್ ಆ ಶಾಖಕ್ಕೆ ಬಲ ಕಳೆದುಕೊಳ್ಳಬಹುದು, ಸುತ್ತಲಿನ ಸತು ಸುಟ್ಟುಹೋಗುತ್ತದೆ.

ಇನ್ನೊಂದು ಕಾರಣ ಅತಿ ಬಿಗಿ. ಒಣ 8.8 ಎಂ12 ಬೋಲ್ಟಿಗೆ ಪೂರ್ತಿ ಬಿಗಿ ಅಂದರೆ 85 ನ್ಯೂಟನ್ ಮೀಟರ್ ಆಸುಪಾಸು. ಥ್ರೆಡ್‌ಗೆ ಎಣ್ಣೆ ಹಚ್ಚಿದ್ದರೆ ಅದೇ ಬಿಗಿ 65ರ ಸುತ್ತಮುತ್ತಲೇ ಸಿಗುತ್ತದೆ. ಆದರೆ ಈ ಅಂಕಿಗಳು ಗಟ್ಟಿ ಪ್ಲೇಟ್ ಮೇಲೆ ಪ್ಲೇಟ್ ಕೂರಿಸಿದಾಗಿನವು. ಪೊಳ್ಳು ಪೈಪಿನ ಕಾಲಿಗೆ ಅಷ್ಟು ಬಿಗಿ ಕೊಟ್ಟರೆ ಪೈಪ್ ಚಪ್ಪಟೆಯಾಗುತ್ತದೆ. ಇವತ್ತು ಬಿಗಿ ಅನ್ನಿಸುತ್ತದೆ, ಪೈಪ್ ಇನ್ನಷ್ಟು ತಗ್ಗಿದ ಮೇಲೆ ಸಡಿಲ. ಪೈಪಿನ ಕೂಡುಗೆಗೆ ತಯಾರಕರು ಹೇಳಿದ ಟಾರ್ಕ್ (ತಿರುಗಿಸುವ ಬಲ) ಮಾತ್ರ.

ಗಾಳಿ ಬಂದಾಗ ರೇಡಿಯೋದಲ್ಲಿ ಚರಚರ

ಈ ದೋಷಕ್ಕೆ ಟವರ್ ಕಡೆ ತಿರುಗಿ ನೋಡುವವರೇ ಇಲ್ಲ. ಕೇಬಲ್ ಬದಲಿಸುತ್ತಾರೆ, ರೇಡಿಯೋ ಬದಲಿಸುತ್ತಾರೆ. ತುಕ್ಕು ಹಿಡಿದ ಸಡಿಲ ಕೂಡುಗೆಯಲ್ಲಿ ಲೋಹಗಳ ನಡುವಿನ ತುಕ್ಕಿನ ಪದರ ಒರಟು ಡಯೋಡ್ ಹಾಗೆ ಕೆಲಸ ಮಾಡುತ್ತದೆ. ಹತ್ತಿರದ ಬಲವಾದ ಸಿಗ್ನಲ್‌ಗಳನ್ನು ಬೆರೆಸಿ, ಇಲ್ಲದ ಕಡೆ ಹೊಸ ಸಿಗ್ನಲ್ ಹುಟ್ಟಿಸುತ್ತದೆ. ಟವರ್ ಅಲುಗಿದಂತೆ ಅದು ಬಂದು ಹೋಗುತ್ತದೆ.

ಪರೀಕ್ಷೆ ಸುಲಭ. ಮೊದಲು ಆಂಟೆನಾ ಕೇಬಲ್ ತೆಗೆದು ಡಮ್ಮಿ ಲೋಡ್ (ಆಂಟೆನಾ ಬದಲು ಹಾಕುವ ರೆಸಿಸ್ಟರ್) ಹಾಕಿ. ಸದ್ದು ಹೋದರೆ ದೋಷ ಹೊರಗಿದೆ. ಕೇಬಲ್ ವಾಪಸ್ ಹಾಕಿ, ಒಬ್ಬರು ರೇಡಿಯೋ ಕೇಳುತ್ತಿರಲಿ, ಇನ್ನೊಬ್ಬರು ಗೈಗಳನ್ನು ಒಂದೊಂದಾಗಿ ಹಗುರವಾಗಿ ಅಲುಗಿಸಲಿ. ಚರಚರ ಸದ್ದು ಯಾವ ಗೈ ಜೊತೆ ತಾಳ ಹಾಕುತ್ತದೆಯೋ ಆ ಕಡೆಯ ಥಿಂಬಲ್ (ವೈರ್ ಮಡಿಕೆಯೊಳಗೆ ಕೂರುವ ಲೋಹದ ಬಳೆ), ಶ್ಯಾಕಲ್, ಕ್ಲಿಪ್ ನೋಡಿ. ಈ ಹೊತ್ತಿನಲ್ಲಿ ಟ್ರಾನ್ಸ್‌ಮಿಟ್ ಮಾಡಬೇಡಿ. ಟವರ್ರೇ ಆಂಟೆನಾ ಆಗಿ ಬುಡದಲ್ಲಿ ಇನ್ಸುಲೇಟರ್ ಇರುವಂಥದ್ದಾದರೆ ಟವರ್ ಹತ್ತಿರಕ್ಕೂ ಹೋಗಬಾರದು, ಮೊದಲು ಟ್ರಾನ್ಸ್‌ಮಿಟರ್ ಬಂದ್ ಆಗಬೇಕು.

ಗೈ ತುದಿಯ ಸಾಮಾನು

ವೈರ್ ಕ್ಲಿಪ್‌ನಲ್ಲಿ ಒಂದು ತಪ್ಪು ಎಲ್ಲ ಕಡೆ ಕಾಣುತ್ತದೆ. ಕ್ಲಿಪ್‌ಗೆ ಎರಡು ಭಾಗ. ಒಂದು ಯು ಆಕಾರದ ಕಂಬಿ, ಇನ್ನೊಂದು ತೋಡು ಇರುವ ದಪ್ಪ ಸ್ಯಾಡಲ್. ಸ್ಯಾಡಲ್ ಯಾವಾಗಲೂ ಭಾರ ಹೊರುವ ಉದ್ದ ವೈರ್ ಮೇಲೆ ಕೂರಬೇಕು. ಯು ಕಂಬಿ ಮಡಚಿ ಬಂದ ಗಿಡ್ಡ ತುದಿಯನ್ನು ಒತ್ತಬೇಕು. ತಿರುವು ಮುರುವಾದರೆ ಕಂಬಿ ಭಾರದ ವೈರನ್ನೇ ಹಿಸುಕಿ ಅದರ ಎಳೆಗಳನ್ನು ಕುಗ್ಗಿಸುತ್ತದೆ. ಒಂದು ಮುಂದೆ ಒಂದು ಹಿಂದೆ ಅಂತ ಬೆರೆಸಿ ಹಾಕುವುದೂ ತಪ್ಪೇ. ಎರಕದ ಕ್ಲಿಪ್ ಬೇಡ, ಫೋರ್ಜ್ ಮಾಡಿದ್ದು (ಉಕ್ಕನ್ನು ಬಡಿದು ಮಾಡಿದ್ದು) ತನ್ನಿ. ವೈರ್ ಬಿಗಿಯಾದ ಮೇಲೆ ಸ್ವಲ್ಪ ತೆಳ್ಳಗಾಗುತ್ತದೆ, ಅದಕ್ಕೇ ಮೊದಲ ಎಳೆತದ ನಂತರ ಕ್ಲಿಪ್ ನಟ್‌ಗಳನ್ನು ಇನ್ನೊಮ್ಮೆ ಬಿಗಿ ಮಾಡಲೇಬೇಕು. ಕ್ಲಿಪ್‌ಗಳ ಪಕ್ಕ ವೈರ್ ಮೇಲೆ ಪೇಂಟ್ ಗುರುತು ಹಾಕಿಡಿ. ಮುಂದಿನ ಸಲ ಬಂದಾಗ ಗುರುತು ಸರಿದಿದ್ದರೆ ಕ್ಲಿಪ್ ಜಾರಿದೆ.

ಸುತ್ತಿ ಹಾಕುವ ಪ್ರಿಫಾರ್ಮ್ಡ್ ಗ್ರಿಪ್ ನನಗೆ ಹೆಚ್ಚು ಇಷ್ಟ. ಆದರೆ ವೈರಿನ ದಪ್ಪಕ್ಕೂ ಅದರ ತಿರುಚಿನ ದಿಕ್ಕಿಗೂ ಹೊಂದುವುದೇ ಬೇಕು. ಹಳೆ ಟವರ್‌ನಿಂದ ಬಿಚ್ಚಿದ್ದು ಬೇಡ.

ಟರ್ನ್‌ಬಕಲ್ ಕೊಕ್ಕೆಯ ತುದಿಯದ್ದಾದರೆ ಬದಲಿಸಿ. ಭಾರ ಜಾಸ್ತಿಯಾದಾಗ ಕೊಕ್ಕೆ ಬಿಚ್ಚಿಕೊಳ್ಳುತ್ತದೆ. ಕಣ್ಣು ಅಥವಾ ಪಿನ್ ಹಾಕುವ ತುದಿಯದ್ದೇ ಇರಲಿ. ಗಾಳಿಗೆ ವೈರ್ ನಡುಗುತ್ತಾ ಟರ್ನ್‌ಬಕಲ್ ತಾನಾಗೇ ತಿರುಗುತ್ತದೆ, ಇದು ನಂಬಲು ಕಷ್ಟವಾದರೂ ನಿಜ. ಒಂದು ತಂತಿಯನ್ನು ಅದರ ಹೊಟ್ಟೆಯೊಳಗಿಂದ ಎಂಟರ ಆಕಾರದಲ್ಲಿ ಹಾಯಿಸಿ ಎರಡೂ ತುದಿಗೆ ಕಟ್ಟಿ. ಒಂದೇ ಆಂಕರ್‌ಗೆ ಮೂರು ಟರ್ನ್‌ಬಕಲ್ ಇದ್ದರೆ ಅದೇ ತಂತಿ ಮೂರನ್ನೂ ಹಾದು ಹೋಗಲಿ. ತಿರುಪಿನ ಶ್ಯಾಕಲ್ ಪಿನ್‌ಗೂ ಹೀಗೇ ತಂತಿ ಕಟ್ಟಿ. ಪಿನ್ ಕಳೆದುಹೋಯಿತು ಅಂತ ಅದರ ಜಾಗಕ್ಕೆ ಸಾಧಾರಣ ಬೋಲ್ಟ್ ತೂರಿಸಿದ್ದನ್ನು ನಾನು ಒಂದಕ್ಕಿಂತ ಹೆಚ್ಚು ಕಡೆ ನೋಡಿದ್ದೇನೆ. ಅಂಥ ಟವರ್ ಹತ್ತಬೇಡಿ. ಆ ಶ್ಯಾಕಲ್ ಬದಲಾಗುವ ತನಕ ಯಾರನ್ನೂ ಹತ್ತಲು ಬಿಡಬೇಡಿ.

ಆಂಕರ್ ರಾಡ್, ಮಣ್ಣಿನ ಕೆಳಗೆ

ಮೇಲೆ ಬೆಳ್ಳಗೆ ಹೊಳೆಯುವ ರಾಡ್ ಒಂದು ಅಡಿ ಕೆಳಗೆ ಪೆನ್ಸಿಲ್‌ನಷ್ಟು ಸವೆದಿರಬಹುದು. ಗಾಳಿ ಇಲ್ಲದ ದಿನ, ಒಂದು ಸಲಕ್ಕೆ ಒಂದೇ ಆಂಕರ್ ಹತ್ತಿರ, ರಾಡ್ ಸುತ್ತ ಮಾತ್ರ ಕಿರಿದಾಗಿ ಕೈಯಿಂದ ಮಣ್ಣು ತೆಗೆದು ನೋಡಿ. ಸಂಶಯ ಇದ್ದರೆ ಮೊದಲು ಆ ಗೈಗೆ ತಾತ್ಕಾಲಿಕ ಆಂಕರ್ ಕೊಡಿ. ಕ್ಯಾಲಿಪರ್‌ನಿಂದ ರಾಡ್‌ನ ದಪ್ಪ ಅಳೆದು, ನೆಲದ ಮೇಲಿನ ದಪ್ಪಕ್ಕೆ ಹೋಲಿಸಿ.

ಇಲ್ಲಿ ತಾಮ್ರವೇ ದೊಡ್ಡ ಕಾರಣ ಆಗುವುದುಂಟು. ಸಿಡಿಲಿನ ರಕ್ಷಣೆಗೆ ಆಂಕರ್ ಪಕ್ಕ ತಾಮ್ರದ ಅರ್ಥಿಂಗ್ ರಾಡ್ ಹೊಡೆದು ಜೋಡಿಸಿರುತ್ತಾರೆ. ಒದ್ದೆ ಮಣ್ಣಿನಲ್ಲಿ ತಾಮ್ರ ಮತ್ತು ಸತು ಸೇರಿದರೆ ಬ್ಯಾಟರಿ ಆಯಿತು. ಮೊದಲು ಸತು ಕರಗುತ್ತದೆ, ಆಮೇಲೆ ಉಕ್ಕು. ಸಿಡಿಲಿಗೆ ಅರ್ಥಿಂಗ್ ಬೇಕೇ ಬೇಕು, ಅದನ್ನು ಕಿತ್ತುಹಾಕಬೇಡಿ. ಆಂಕರ್ ಹತ್ತಿರದ ಅರ್ಥಿಂಗ್ ರಾಡ್ ಗ್ಯಾಲ್ವನೈಸ್ ಮಾಡಿದ್ದನ್ನೇ ಹಾಕಿ, ಇಲ್ಲವೇ ಕರಗಲೆಂದೇ ಇಡುವ ಸತು ಅಥವಾ ಮೆಗ್ನೀಷಿಯಂ ಆನೋಡ್ ಜೋಡಿಸಿ. ಟವರ್ ಮೇಲೂ ಅಷ್ಟೇ. ಬರಿ ತಾಮ್ರದ ತಂತಿ ಗ್ಯಾಲ್ವನೈಸ್ ಕಾಲಿಗೆ ನೇರವಾಗಿ ತಾಗಬಾರದು, ಮಧ್ಯೆ ಸ್ಟೇನ್‌ಲೆಸ್ ಪಟ್ಟಿ ಇರಲಿ. ತಾಮ್ರದ ಮೇಲಿಂದ ಇಳಿಯುವ ನೀರು ಕೂಡ ಕೆಳಗಿನ ಸತುವನ್ನು ತಿನ್ನುತ್ತದೆ.

ಬುಡದಲ್ಲಿ ಪೈಪ್ ಕಾಲಿಗೆ ನೀರು ಹೋಗುವ ಸಣ್ಣ ತೂತು ಇರುತ್ತದೆ. ಮಣ್ಣು ಅಥವಾ ಕಾಂಕ್ರೀಟ್ ಮುಚ್ಚಿದ್ದರೆ ತಂತಿ ಹಾಕಿ ಬಿಡಿಸಿ. ಸಣ್ಣ ಸುತ್ತಿಗೆಯಿಂದ ಕಾಲಿನ ಉದ್ದಕ್ಕೂ ಮೆಲ್ಲಗೆ ತಟ್ಟುತ್ತಾ ಬನ್ನಿ. ಗಂಟೆಯ ಹಾಗೆ ಬರುತ್ತಿದ್ದ ಸದ್ದು ಬುಡದಲ್ಲಿ ಮಂಕಾದರೆ ಒಳಗೆ ನೀರು ಅಥವಾ ತುಕ್ಕಿನ ಪುಡಿ ತುಂಬಿದೆ.

ಸ್ನೇಹಿತರ ಟವರ್‌ನ ಮೂರನೇ ಸೆಕ್ಷನ್ ಬದಲಿಸಿದೆವು. ಎಲ್ಲ ಕೂಡುಗೆಯ ಬೋಲ್ಟುಗಳನ್ನೂ ಒಂದೊಂದಾಗಿ ತೆಗೆದು ನೋಡಿದಾಗ ಇನ್ನೂ ನಾಲ್ಕು ಪೂರ್ತಿ ಥ್ರೆಡ್‌ನವು ಸಿಕ್ಕವು. ಅವೂ ಹೋದವು. ಹೊಸ ಬೋಲ್ಟುಗಳ ನಟ್‌ನಿಂದ ವಾಷರ್‌ವರೆಗೆ ಒಂದೊಂದು ಪೇಂಟ್ ಗೆರೆ ಎಳೆದೆವು. ಮೊದಲ ದೊಡ್ಡ ಗಾಳಿಯ ಮರುದಿನ ಬೈನಾಕ್ಯುಲರ್ ಹಿಡಿದು ನೋಡಿದಾಗ ಗೆರೆಗಳೆಲ್ಲ ನೆಟ್ಟಗೇ ಇದ್ದವು.